ಆಪರೇಷನ್ನಿಗೆ ಮುಂಚೆ

ಗರ್ಭಕೋಶ ಜಾರಿದೆ ಎಂದ ಕೂಡಲೇ ‘ತೆಗೆಸಿಬಿಡಿ’ ಎನ್ನುವವರು ನಮ್ಮಲ್ಲಿ ಬಹಳ. ಆ ಹೆದರಿಕೆಗೇ ಎಷ್ಟೋ ಹಿರಿಯರು ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ. ಸೀನಿದರೆ ಮೂತ್ರ ಸೋರಿ ಸೀರೆ ಒದ್ದೆಯಾಗುತ್ತದೆಂದು ಮದುವೆ ಮನೆಗೆ ಹೋಗುವುದಿಲ್ಲ. ಬಸ್ಸು ಹತ್ತುವ ದಿನ ಬೆಳಗಿನಿಂದಲೇ ನೀರು ಮುಟ್ಟುವುದಿಲ್ಲ. ನೀರು ಬಿಟ್ಟರೆ ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ತೊಂದರೆ ಹೆಚ್ಚುತ್ತದೆ. ನಿಮ್ಮಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಶುರುವಾಗಬೇಕಾದದ್ದು ಆಪರೇಷನ್ ಕೋಣೆಯ ಹೊರಗೆ.

ಕಿಬ್ಬೊಟ್ಟೆಯ ಕೆಳಗೆ, ತೊಟ್ಟಿಲಿನ ಬಟ್ಟೆಯ ಹಾಗೆ ಹರಡಿರುವ ಸ್ನಾಯುಗಳು ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತಿರುತ್ತವೆ. ಹೆರಿಗೆಯಲ್ಲಿ ಅವು ಹಿಗ್ಗುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು ಯೋನಿಯ ಒಳಪದರ ತೆಳುವಾಗುತ್ತದೆ. ಹಳೆಯ ಕೆಮ್ಮು, ಮಲಬದ್ಧತೆ, ಹೆಚ್ಚಿದ ತೂಕ, ತುಂಬಿದ ಕೊಡ ಎಲ್ಲವೂ ಅಲ್ಲಿಗೇ ಒತ್ತುತ್ತವೆ.

ಈ ಸ್ನಾಯುಗಳನ್ನು ಗಟ್ಟಿ ಮಾಡಲು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಚಾರಕ್ಕೆ ತಂದ ವ್ಯಾಯಾಮವನ್ನು ಮೊಬೈಲಿನಲ್ಲಿ ನೋಡಿರುತ್ತೀರಿ. ಹಲವರು ಉಸಿರು ಬಿಗಿಹಿಡಿದು ಕೆಳಕ್ಕೆ ತಿಣುಕುತ್ತಾರೆ. ಆಗಬೇಕಾದದ್ದು ಅದರ ತದ್ವಿರುದ್ಧ. ನಾಲ್ಕು ಜನರ ನಡುವೆ ಕೂತಾಗ ಹೂಸನ್ನು ಹೇಗೆ ತಡೆಯುತ್ತೀರಿ? ನಗಿ, ಪರವಾಗಿಲ್ಲ, ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಉಪಾಯ ನನಗೆ ಸಿಕ್ಕಿಲ್ಲ. ಹಾಗೆ ಬಿಗಿದು, ಮುಂಭಾಗವನ್ನೂ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ತೊಡೆ ಸಡಿಲವಾಗಿರಲಿ, ಉಸಿರು ಆಡುತ್ತಿರಲಿ. ಕೆಲವು ಸೆಕೆಂಡು ಹಿಡಿದು ಪೂರ್ತಿ ಬಿಡಿ. ಒಮ್ಮೆಗೆ 8 ಬಾರಿಯಾದರೂ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಹದಿನೈದು ದಿನ ಮಾಡಿ ‘ಏನೂ ಆಗಲಿಲ್ಲ’ ಎಂದರೆ ನಾನು ಒಪ್ಪುವುದಿಲ್ಲ. ಮೂತ್ರ ಹೋಗುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡುವುದು ಬೇಡ. ಸರಿಯಾದ ಸ್ನಾಯುವೇ ಬಿಗಿಯುತ್ತಿದೆಯೇ ಎಂದು ವೈದ್ಯರೋ ಫಿಸಿಯೋಥೆರಪಿಸ್ಟೋ ಒಮ್ಮೆ ಪರೀಕ್ಷಿಸಲಿ.

ಅವಸರ ಬಂದು ಬಚ್ಚಲು ಮುಟ್ಟುವಷ್ಟರಲ್ಲಿ ಆಗಿಬಿಡುವವರ ತೊಂದರೆ ಬೇರೆ. ಅವರು ಕಾಫಿ, ಚಹಾ ತಗ್ಗಿಸಿ, ಮೂತ್ರಕ್ಕೆ ಹೋಗುವ ನಡುವಿನ ಅವಧಿಯನ್ನು ಸ್ವಲ್ಪಸ್ವಲ್ಪವೇ ಹಿಗ್ಗಿಸಬೇಕು. ಇದಕ್ಕೆ ಕನಿಷ್ಠ 6 ವಾರ ಬೇಕು. ಮಾತ್ರೆಗಳೂ ಇವೆ. ಆದರೆ ಅವುಗಳಲ್ಲಿ ಕೆಲವು ವಯಸ್ಸಾದವರಲ್ಲಿ ಮರೆವು, ಗೊಂದಲ ತರಬಹುದು. ಪಕ್ಕದ ಮನೆಯವರ ಚೀಟಿ ನೋಡಿ ತರಿಸಿಕೊಳ್ಳಬೇಡಿ.

ಇನ್ನು ಪೆಸರಿ. ಜಾರಿದ ಗರ್ಭಕೋಶಕ್ಕೆ ಒಳಗಿನಿಂದ ಆಸರೆ ಕೊಡುವ ಸಾಧನ ಇದು. ಪ್ರಾಚೀನ ಗ್ರೀಕರು ಅರ್ಧ ದಾಳಿಂಬೆ ಇಡುತ್ತಿದ್ದರಂತೆ. ಈಗಿನದು ಮೆತ್ತನೆಯ ಸಿಲಿಕೋನ್ ಬಳೆ. ಮಡಚಿ ಒಳಗಿಟ್ಟರೆ ಬಿಚ್ಚಿಕೊಂಡು ಕೂರುತ್ತದೆ. ಬಳೆಯಂತೆಯೇ ಇದಕ್ಕೂ ಅಳತೆ ಉಂಟು. ಇಟ್ಟ ಮೇಲೆ ನಡೆದು, ಕೆಮ್ಮಿ, ಮೂತ್ರ ಮಾಡಿ ನೋಡಿಯೇ ಮನೆಗೆ ಹೊರಡಬೇಕು. ಸರಿಯಾಗಿ ಕೂತಿದ್ದರೆ ಅದು ಇರುವುದೇ ತಿಳಿಯುವುದಿಲ್ಲ. ಕೈ ಬಗ್ಗುವವರು ತಾವೇ ತೆಗೆದು ತೊಳೆದು ಇಟ್ಟುಕೊಳ್ಳಬಹುದು. ಆಗದವರು ವೈದ್ಯರು ಹೇಳಿದ ಗಡುವಿಗೆ ಬರಬೇಕು. ಇಟ್ಟು ಮರೆತರೆ ಒಳಗೆ ಹುಣ್ಣಾಗುತ್ತದೆ. ಒಳಪದರ ತೆಳುವಾಗಿದ್ದರೆ ಈಸ್ಟ್ರೋಜನ್ ಮುಲಾಮು ನೆರವಾಗುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ಮೊದಲೇ ಹೇಳಿ. ನಮ್ಮ ಊರುಗಳಲ್ಲಿ ಪೆಸರಿಯ ಮಾತೆತ್ತುವ ವೈದ್ಯರೇ ಕಡಿಮೆ ಎಂಬುದು ನನ್ನ ದೂರು. ನೀವೇ ಕೇಳಿ.

ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೂತ್ರ ಕಟ್ಟಿಕೊಂಡರೆ ವ್ಯಾಯಾಮ ಮಾಡುತ್ತ ಕೂರಬೇಡಿ, ತಕ್ಷಣ ಬನ್ನಿ. ಈಗ ಚೀಟಿ ಹಂಚುತ್ತಾರೆ. ಪ್ರಶ್ನೆ ಬರೆದರೆ ಸಾಕು, ಹೆಸರು ಬೇಡ.