ಮಾರ್ಚ್‌ನಲ್ಲಿ ಸೀಳಿದ ಟೇಬಲ್

ಈ ಗೆರೆ ಕಾಣಿಸ್ತಾ? ತುದಿಯಿಂದ ಶುರುವಾಗಿ ಒಂದು ಗೇಣು ಒಳಗೆ ಬಂದಿದೆ. ಎಟಿಎಂ ಕಾರ್ಡ್ ಸಲೀಸಾಗಿ ಇಳಿಯುತ್ತೆ, ನೋಡಿ. ಮೊನ್ನೆ ರಾತ್ರಿ ‘ಟಪ್’ ಅಂತ ಸದ್ದಾಯಿತು. ಅಡುಗೆಮನೆಯಲ್ಲಿ ಪಾತ್ರೆ ಬಿತ್ತು ಅಂದುಕೊಂಡು ಮಲಗಿದೆ. ಬೆಳಗ್ಗೆ ಕಾಫಿ ಲೋಟ ಇಡಲು ಹೋದಾಗ ಗೊತ್ತಾಯಿತು, ಸೀಳಿದ್ದು ನಾನೇ ಮಾಡಿದ ಊಟದ ಟೇಬಲ್.

ಮರದ ತಪ್ಪೇನಿಲ್ಲ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಬಿದ್ದಿದ್ದ ಹಳೇ ಸಾಗುವಾನಿ ಹಲಗೆಗಳು. ಕಳೆದ ಆಗಸ್ಟ್‌ನಲ್ಲಿ, ಹೊರಗೆ ಜಡಿಮಳೆ, ನಾನು ಜಗಲಿಯಲ್ಲಿ ಕೂತು ಕೆಲಸ ಮಾಡಿದ್ದು. ಐದು ಹಲಗೆ ಅಂಟಿಸಿ 90 ಸೆಂ.ಮೀ. ಅಗಲದ ಟಾಪ್ ಮಾಡಿದೆ. ಎರಡೂ ತುದಿಗೆ ಅಡ್ಡಪಟ್ಟಿ, ಉದ್ದಕ್ಕೂ ಗ್ಲೂ, ಸಾಲದ್ದಕ್ಕೆ ಆರಾರು ಸ್ಕ್ರೂ. ಗಟ್ಟಿಯಾಗಿರಲಿ ಅಂತ! ತೇವ ಅಳೆಯುವ ಮೀಟರ್ ಆ ದಿನ ಶೇ. 16 ತೋರಿಸಿತ್ತು. ಹಲಗೆ ಮೇಲೇ ಪೆನ್ಸಿಲ್‌ನಲ್ಲಿ ಬರೆದು, ಮರೆತೆ. ಟೇಬಲ್ ತಂದಿಟ್ಟ ಬೆಂಗಳೂರಿನ ಮನೆಯಲ್ಲಿ ಇವತ್ತು ಅದೇ ಹಲಗೆ ಶೇ. 9.

ಏನಾಯಿತು ಹೇಳ್ತೀನಿ. ಮರ ಅಂದರೆ ಸಣ್ಣ ಸಣ್ಣ ಕೊಳವೆಗಳನ್ನು ಒತ್ತಾಗಿ ಕಟ್ಟಿಟ್ಟ ಹಾಗೆ. ಗಾಳಿಯಲ್ಲಿ ತೇವ ಇದ್ದರೆ ಅವು ಕುಡಿದು ದಪ್ಪಗಾಗುತ್ತವೆ, ಒಣ ಹವೆಗೆ ಸಣ್ಣಗಾಗುತ್ತವೆ. ಉದ್ದ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹಸಿ ಸಾಗುವಾನಿಯನ್ನು ಪೂರ್ತಿ ಒಣಗಿಸಿದರೆ, ಕಾಂಡದೊಳಗಿನ ಉಂಗುರದ ಸುತ್ತಿನ ದಿಕ್ಕಿನಲ್ಲಿ ಸುಮಾರು ಶೇ. 5.8 ಕುಗ್ಗುತ್ತದೆ. ನಡುವಿನಿಂದ ತೊಗಟೆ ಕಡೆಗೆ ಬರೀ 2.5. ಇಷ್ಟು ಕಡಿಮೆ ಕುಗ್ಗುವ ಮರ ಅಂತಲೇ ಸಾಗುವಾನಿಗೆ ಹೆಸರು. ಅಂಥದ್ದೂ ನನ್ನ ಕೈಗೆ ಸಿಕ್ಕಿ ಸೀಳಿತು.

ನನ್ನ ಟಾಪ್ ಅಗಲದಲ್ಲಿ ಏಳೆಂಟು ಮಿಲಿಮೀಟರ್ ಕುಗ್ಗಬೇಕಿತ್ತು. ಆದರೆ ತುದಿಯ ಅಡ್ಡಪಟ್ಟಿಯ ಎಳೆ ಟಾಪ್‌ನ ಎಳೆಗೆ ಅಡ್ಡಲಾಗಿ ಓಡುತ್ತದೆ, ಅದರ ಉದ್ದ ಬದಲಾಗುವುದಿಲ್ಲ. ಒಬ್ಬ ಎಳೆಯುತ್ತಿದ್ದಾನೆ, ಇನ್ನೊಬ್ಬ ಜಪ್ಪಯ್ಯ ಅಂದರೂ ಜಗ್ಗುತ್ತಿಲ್ಲ. ಹರಿಯದೆ ಇನ್ನೇನಾಗುತ್ತೆ? ಪಾಲಿಶ್ ಹಾಕಿದ್ದೆನಲ್ಲ ಅಂತೀರಾ? ಪಾಲಿಶ್ ತೇವವನ್ನು ನಿಧಾನ ಮಾಡುತ್ತೆ, ತಡೆಯಲ್ಲ. ಅದೂ ನಾನು ಹಾಕಿದ್ದು ಮೇಲ್ಗಡೆ ಮಾತ್ರ. ಕೆಳಗೆ ಯಾರು ನೋಡ್ತಾರೆ ಅಂತ ಬಿಟ್ಟಿದ್ದೆ. ಸೋಮಾರಿತನ, ಅಷ್ಟೇ.

ಊರಿನ ಬಡಗಿ ಆಚಾರ್ರಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ನಕ್ಕರು. “ಎರಡೂ ಬದಿ ಕಟ್ಟಿ ಹಾಕಿದ್ದೀರಲ್ಲ ಮಾರಾಯ್ರೆ! ನಿಮ್ಮ ಅಜ್ಜಿ ಮನೆ ಬಾಗಿಲು ನೋಡಿದ್ದೀರಾ?”

ನೋಡಿದ್ದೆ, ಆದರೆ ಸರಿಯಾಗಿ ನೋಡಿರಲಿಲ್ಲ. ಈ ಕ್ಲಿಪ್ ಆ ಬಾಗಿಲಿನದು. ಚೌಕಟ್ಟಿನ ಒಳಗಿನ ಹಲಗೆಗೆ ಗ್ಲೂ ಇಲ್ಲ, ಮೊಳೆ ಇಲ್ಲ. ಸುತ್ತ ಕೊರೆದ ಸಣ್ಣ ಕಾಲುವೆಯಲ್ಲಿ ಸುಮ್ನೆ ಕೂತಿದೆ. ಬೇಸಿಗೆಯಲ್ಲಿ ಹಸಿರು ಬಣ್ಣದ ಅಂಚಿನಲ್ಲಿ ಬಣ್ಣವೇ ತಾಗದ ಒಂದು ತೆಳು ಪಟ್ಟೆ ಕಾಣುತ್ತದೆ, ಇಲ್ಲಿ, ನನ್ನ ಉಗುರಿನ ಹತ್ತಿರ. ಮಳೆಗಾಲದಲ್ಲಿ ಅದು ಒಳಗೆ ಹೋಗಿಬಿಡುತ್ತದೆ. ಹಲಗೆ ಸರಿದಾಡಿದ ಗುರುತು ಅದು. ಇಷ್ಟು ವರ್ಷ ನಾನು ಪೇಂಟರ್ ಬಿಟ್ಟುಹೋದ ಜಾಗ ಅಂದುಕೊಂಡಿದ್ದೆ.

ಸರಿ, ಈಗ ರಿಪೇರಿ. ಬಿರುಕಿಗೆ ಪುಟ್ಟಿ ತುಂಬಬಹುದಿತ್ತು. ತುಂಬಿದರೆ ಮಳೆಗಾಲದಲ್ಲಿ ಮರ ಉಬ್ಬಿದಾಗ ಅದೇ ಪುಟ್ಟಿ ಬೆಣೆಯ ಹಾಗೆ ಕೂರುತ್ತೆ. ಬೇಡ. ಸ್ಕ್ರೂ ತೆಗೆದು, ಅಡ್ಡಪಟ್ಟಿಗಳನ್ನು ಗರಗಸದಲ್ಲಿ ಕತ್ತರಿಸಿ ಹಾಕಿದೆ. ಬಿರುಕಿನ ಗುಂಟ ಹಲಗೆ ಸೀಳಿ, ಅಂಚು ಕೀಸಿ, ಮತ್ತೆ ಅಂಟಿಸಿದೆ. ಅಂಚಿಗೆ ಅಂಚು ಅಂಟಿಸುವುದರಲ್ಲಿ ಭಯವಿಲ್ಲ, ಎರಡೂ ಒಂದೇ ಕಡೆಗೆ ಹಿಗ್ಗಿ ಕುಗ್ಗುತ್ತವೆ.

ಹೊಸ ತುದಿಪಟ್ಟಿಗೆ ಉದ್ದಕ್ಕೂ ಅಂಥದ್ದೇ ಕಾಲುವೆ ಕೊರೆದೆ, ಟಾಪ್‌ನ ತುದಿಯಲ್ಲಿ ಅದರೊಳಗೆ ಕೂರುವಂಥ ನಾಲಗೆ. ಗ್ಲೂ ನಡುವಿನ ನಾಲ್ಕು ಇಂಚಿಗೆ ಮಾತ್ರ. ಎರಡು ಬದಿಗೆ ಮರದ ಗೂಟ. ನಾಲಗೆಯಲ್ಲಿ ಗೂಟದ ತೂತು ಗುಂಡಗಿಲ್ಲ ನೋಡಿ, ಅಕ್ಕಪಕ್ಕಕ್ಕೆ ಉದ್ದ ಮಾಡಿದ್ದೇನೆ, ಟಾಪ್ ಆಚೀಚೆ ಸರಿಯಲಿ ಅಂತ. ಕೆಳಗಿನ ಫ್ರೇಮ್‌ಗೂ ನೇರ ಸ್ಕ್ರೂ ಇಲ್ಲ. ಟಾಪ್‌ಗೆ ಸಣ್ಣ ಮರದ ತುಂಡುಗಳನ್ನು ಬಿಗಿದು, ಅವುಗಳ ತುಟಿ ಫ್ರೇಮ್‌ನ ಸೀಳಿನೊಳಗೆ ಸಿಕ್ಕುವಂತೆ ಮಾಡಿದೆ. ಈಗ ಮರ ಒಣಗಿ ಸಣ್ಣಗಾಗಿದೆ, ಇನ್ನು ಉಬ್ಬುವುದೇ ಬಾಕಿ. ಅದಕ್ಕೇ ತುಂಡಿಗೂ ಫ್ರೇಮ್‌ಗೂ ನಡುವೆ 4 ಮಿ.ಮೀ. ಖಾಲಿ. ಕೆಳಗೂ ಪಾಲಿಶ್ ಆಯಿತು, ಎರಡು ಕೋಟ್.

ಈ ಕೊನೆಯ ಶಾಟ್ ಆಗಸ್ಟ್‌ನದು. ಅಮ್ಮ ಬಂದಿದ್ದರು. ಟೇಬಲ್ ಅಂಚಿನ ಮೇಲೆ ಬೆರಳು ಎಳೆದು, ಮೂಲೆಯಲ್ಲಿ ನಿಲ್ಲಿಸಿದರು. “ಪಟ್ಟಿ ಗಿಡ್ಡ ಕತ್ತರಿಸಿಬಿಟ್ಟಿದ್ದೀಯಲ್ಲೋ!”

ಟಾಪ್ ಎರಡೂ ಕಡೆ ಎರಡೆರಡು ಮಿಲಿಮೀಟರ್ ಹೊರಗೆ ಬಂದಿತ್ತು. ಟೇಬಲ್ ಕೆಳಗೆ ನುಸುಳಿ, ರಿಪೇರಿ ಮುಗಿದಾಗ ಏಪ್ರಿಲ್‌ನಲ್ಲಿ ಬರೆದಿದ್ದ ಸೊನ್ನೆಯ ಪಕ್ಕ ಪೆನ್ಸಿಲ್‌ನಲ್ಲಿ 2 ಅಂತ ಬರೆದೆ.