ಧಣಿಗಳ ಕಾಗದದಲ್ಲಿ ಒಕ್ಕಲಿನ ಹೆಸರು

ಕೇಳುಗರಿಗೆ ನಮಸ್ಕಾರ.

ನಮ್ಮ ಉಡುಪಿ, ಮಂಗಳೂರಿನ ಕಡೆ ಗುತ್ತಿನ ಮನೆ, ಬೀಡಿನ ಮನೆಯವರಿಗೆ, ಅಂದರೆ ಜಮೀನಿದ್ದ ದೊಡ್ಡ ಮನೆತನದವರಿಗೆ, ಹಿರಿಯರ ಹೆಸರು ಎಷ್ಟೋ ತಲೆಮಾರಿನವರೆಗೆ ಬಾಯಿಗೆ ಬರುತ್ತದೆ. ಗೇಣಿ ಒಕ್ಕಲಿನ ಮನೆಗಳಲ್ಲಿ ಹಾಗಲ್ಲ. ಅಜ್ಜಿಯ ಅಮ್ಮನ ಹೆಸರು ಏನು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಅವರು ಓದಿದವರಲ್ಲ, ಜಾಗ ಅವರದ್ದಲ್ಲ, ಅವರ ಬಗ್ಗೆ ಯಾರು ಬರೆದಿಡ್ತಾರೆ?" ಅನ್ನುತ್ತಾರೆ. ಬರೆದಿಟ್ಟಿದ್ದಾರೆ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಅಲ್ಲ, ಧಣಿಗಳ ಕಾಗದದಲ್ಲಿ, ಸರಕಾರದ ಕಡತದಲ್ಲಿ. ಅಲ್ಲಿ ಹುಡುಕುವುದು ಹೇಗೆ ಅಂತ ಇವತ್ತು ಹೇಳುತ್ತೇನೆ.

ನಾನು ಹುಡುಕಿದ್ದು ನನ್ನ ಅಜ್ಜಿಯ ಸೋದರಮಾವನನ್ನು. ಹೆಬ್ರಿ ಬದಿಯ ಒಂದು ಹಳ್ಳಿಯಲ್ಲಿ ಚಾಲಗೇಣಿಗೆ, ಅಂದರೆ ಕಾಯಂ ಅಲ್ಲದ ಗೇಣಿಗೆ, ಗದ್ದೆ ಮಾಡುತ್ತಿದ್ದವರು. ಅಜ್ಜನನ್ನು ಬಿಟ್ಟು ಅಜ್ಜಿಯ ಮಾವನನ್ನು ಯಾಕೆ ಹುಡುಕಿದೆ ಅಂತ ಹೊರಗಿನವರಿಗೆ ಅನಿಸಬಹುದು. ನಮ್ಮದು ಅಳಿಯಸಂತಾನ ಕಟ್ಟಿನ ಕುಟುಂಬ. ಮನೆತನ ಸಾಗುವುದು ತಾಯಿಯ ಕಡೆಯಿಂದ, ಯಜಮಾನಿಕೆ ಮಾವನಿಂದ ಅಳಿಯನಿಗೆ, ಅಂದರೆ ಸೋದರಿಯ ಮಗನಿಗೆ. ಇಂಥ ಮನೆಗಳ ಹಳೆ ಕಾಗದದಲ್ಲಿ ತಂದೆಯ ಹೆಸರು ಹಿಡಿದು ಹೊರಟರೆ ದಾರಿ ಬೇಗ ಮುಗಿದುಹೋಗುತ್ತದೆ. ಯಾವ ತಾಯಿಯ ಮಗ, ಯಾರ ಅಳಿಯ, ಯಾವ ಬಳಿ, ಅಂದರೆ ತಾಯಿಯ ಕಡೆಯ ಯಾವ ಕುಲ, ಅಂತ ಕೇಳಬೇಕು.

1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂತು. ಆಗ ನಾವು ಮದ್ರಾಸಿಗೆ ಸೇರಿದ್ದೆವು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಈ ಕಾಯಿದೆಯಿಂದ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕವರುಗಳಿಗೆ ಸಿಕ್ಕಿತು. ಕವರು ಅಂದರೆ ಒಬ್ಬ ತಾಯಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು. ಹಾಗಾಗಿ ಪಾಲುಪಟ್ಟಿಯಲ್ಲಿ ಹೆಂಗಸರ ಹೆಸರು, ಅವರ ಮಕ್ಕಳ ಹೆಸರು ಬಿಡದೆ ಬರೆಯಲೇಬೇಕಿತ್ತು. ನಮ್ಮ ಊರಿನ ಬೇರೆ ಯಾವ ಕಾಗದದಲ್ಲೂ ಹೆಣ್ಣುಮಕ್ಕಳಿಗೆ ಅಷ್ಟು ಜಾಗ ಸಿಕ್ಕಿಲ್ಲ ಅಂತ ನನಗೆ ಅನಿಸುತ್ತದೆ. ನೋಂದಣಿ ಆದ ಪಾಲುಪಟ್ಟಿಯ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಬಹುದು.

ಆದರೆ ಪಾಲು ಮಾಡಲು ಆಸ್ತಿ ಇರಬೇಕಲ್ವಾ? ಚಾಲಗೇಣಿಯವರಿಗೆ ಅದೂ ಇರಲಿಲ್ಲ. ಮೂಲಗೇಣಿಯಾದರೆ ಕಾಯಂ. ಚಾಲಗೇಣಿ ಅಂದರೆ ಧಣಿ ಬಿಡು ಅಂದರೆ ಬಿಟ್ಟು ಏಳಬೇಕಿತ್ತು. ಇಂಥವರ ಬದುಕು ಸಿಗುವುದು ಗೇಣಿ ಚೀಟಿನಲ್ಲಿ, ಅಂದರೆ ಗೇಣಿಯ ಕರಾರು ಪತ್ರದಲ್ಲಿ. ನಮ್ಮ ಮಾವನ ಚೀಟು ಸಿಕ್ಕಿದ್ದು ಧಣಿಗಳ ಮನೆಯ ಹಳೆ ಕಟ್ಟಿನಲ್ಲಿ. ಈಗಿನ ತಲೆಮಾರಿನವರು ಒಳ್ಳೆಯ ಮನಸ್ಸಿನಿಂದ ತೆಗೆದು ತೋರಿಸಿದರು. ಗದ್ದೆಗಳ ಚಕ್ಕುಬಂದಿ, ಮಳೆಗಾಲದ ಬೆಳೆ ಏಣೆಲಿಗೆ ಎಷ್ಟು ಮುಡಿ ಅಕ್ಕಿ, ಎರಡನೆಯ ಬೆಳೆ ಸುಗ್ಗಿಗೆ ಎಷ್ಟು, ಜೊತೆಗೆ ಬಾಳೆಗೊನೆ, ತೆಂಗಿನಕಾಯಿ, ಎಲ್ಲ ಅದರಲ್ಲಿತ್ತು. ಒಂದು ಮುಡಿ ಅಂದರೆ 42 ಸೇರು. ಆ ಲೆಕ್ಕ ಹಾಕುತ್ತಾ ಕೂತಾಗ ಅಜ್ಜಿ ಹೇಳುತ್ತಿದ್ದ ಮಾತೊಂದು ಅರ್ಥವಾಯಿತು. ಸುಗ್ಗಿ ಮುಗಿದ ಕೂಡಲೇ ಮಾವ ಆಗುಂಬೆ ಹತ್ತಿ ಘಟ್ಟದ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರಂತೆ. ಊರು ತಿರುಗುವ ಹುಚ್ಚು ಅಂತ ಮನೆಯಲ್ಲಿ ಮಾತಿತ್ತು. ಹುಚ್ಚಲ್ಲ. ಧಣಿಗೆ ಅಳೆದ ಮೇಲೆ ಉಳಿದ ಅಕ್ಕಿಯಲ್ಲಿ ಅಷ್ಟು ಜನರ ಮಳೆಗಾಲ ದಾಟುತ್ತಿರಲಿಲ್ಲ.

ಇನ್ನು ಎಲ್ಲಕ್ಕಿಂತ ದೊಡ್ಡ ದಾಖಲೆ, ಜನ ಮರೆತೇಬಿಟ್ಟದ್ದು, ಡಿಕ್ಲರೇಶನ್ ಕಡತ. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರಕ್ಕೆ ಸೇರಿತು. ಉಳುತ್ತಿದ್ದ ಒಕ್ಕಲು ಫಾರಂ 7ರಲ್ಲಿ ಅರ್ಜಿ ಹಾಕಬೇಕಿತ್ತು, ಅದಕ್ಕೇ ನಮ್ಮಲ್ಲಿ ಡಿಕ್ಲರೇಶನ್ ಅನ್ನುವುದು; ಭೂನ್ಯಾಯ ಮಂಡಳಿ ವಿಚಾರಿಸಿ ತೀರ್ಮಾನ ಮಾಡಬೇಕಿತ್ತು. ನಮ್ಮ ಮನೆಯಲ್ಲಿ ಅರ್ಜಿ ಹಾಕಿದ್ದು ಅಜ್ಜಿಯ ಅಣ್ಣ. ಧಣಿಗಳು ತಕರಾರು ಎತ್ತಿದ್ದರು. ಹಾಗಾಗಿ ಈ ಗದ್ದೆ ಯಾರ ಕಾಲದಿಂದ ನಮ್ಮ ಕೈಯಲ್ಲಿದೆ ಅಂತ ತೋರಿಸಬೇಕಾಯಿತು. ನೆರೆಮನೆಯ ಹಿರಿಯರು ಬಂದು ಹೇಳಿಕೆ ಕೊಟ್ಟರು. ಕಟ್ಟಪುಣಿ, ಅಂದರೆ ಗದ್ದೆಯ ದೊಡ್ಡ ಬದು, ಕಟ್ಟಿಸಿದ್ದು ಇವರ ಮಾವ, ತೋಡಿನ ನೀರು ತಿರುಗಿಸಿದ್ದು ಅವರೇ, ಅವರು ತೀರಿಕೊಂಡ ಮೇಲೆ ಅಳಿಯ ಬೇಸಾಯ ಮುಂದುವರಿಸಿದ್ದು ಅಂತ. ತನ್ನ ಹೆಸರು ಬರೆಯಲೂ ಬಾರದಿದ್ದ ಮನುಷ್ಯನ ದುಡಿಮೆಯನ್ನು ಸರಕಾರದ ಕಾಗದದಲ್ಲಿ ಸಾಲು ಸಾಲಾಗಿ ಓದಿದಾಗ ನನಗೆ ಗಂಟಲು ಕಟ್ಟಿತು. ಧಣಿಗಳು ಆವತ್ತು ತಕರಾರು ಮಾಡದೆ ಇದ್ದಿದ್ದರೆ ಇಷ್ಟೆಲ್ಲ ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಜಗಳ ಇದ್ದ ಕಡತದಲ್ಲೇ ಮಾಹಿತಿ ಜಾಸ್ತಿ.

ಇಸವಿಯ ವಿಷಯ ಸ್ವಲ್ಪ ಹೇಳಬೇಕು. ಹಿರಿಯರು ಇಸವಿ ಹೇಳುವುದಿಲ್ಲ. ಮಾರಿಬೊಳ್ಳಕ್ಕೆ, ಅಂದರೆ ಆ ದೊಡ್ಡ ನೆರೆಗೆ ಮೊದಲು, ಮಾರಿಬೊಳ್ಳ ಆದ ಮೇಲೆ ಅನ್ನುತ್ತಾರೆ. ಆ ನೆರೆ ಬಂದದ್ದು 1923ರಲ್ಲಿ. ನಮ್ಮ ಮಾವ ಆಗ ಹೋರಿ ಕಟ್ಟಿ ಉಳುವಷ್ಟು ದೊಡ್ಡವರಾಗಿದ್ದರು ಅನ್ನುವ ಒಂದು ಮಾತಿನಿಂದ ಅವರ ವಯಸ್ಸಿನ ಅಂದಾಜು ಸಿಕ್ಕಿತು. ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕಕ್ಕಿಂತ ನಾನು ಇಂಥ ಮಾತನ್ನು ಜಾಸ್ತಿ ನಂಬುತ್ತೇನೆ. ಎಷ್ಟೋ ಮಕ್ಕಳ ಹುಟ್ಟಿದ ದಿನವನ್ನು ಮಾಸ್ತರರೇ ಅಂದಾಜಿನಲ್ಲಿ ಬರೆದದ್ದು.

ಊರು ಯಾವ ತಾಲೂಕಿನಲ್ಲಿತ್ತು ಅಂತಲೂ ನೋಡಿಕೊಳ್ಳಿ. ಈಗಿನ ಹೆಬ್ರಿ ತಾಲೂಕಿನ ಹೆಚ್ಚಿನ ಊರುಗಳ ಹಳೆ ಕಾಗದಕ್ಕೆ ಕಾರ್ಕಳದಲ್ಲಿ ವಿಚಾರಿಸಬೇಕು. ಕಾಪು, ಬ್ರಹ್ಮಾವರ ಉಡುಪಿಯಲ್ಲಿದ್ದವು. ಕಾಗದದಲ್ಲಿ ಗುಂಟೆ ಹುಡುಕಬೇಡಿ, ನಮ್ಮಲ್ಲಿ ಎಕ್ರೆ, ಸೆಂಟ್ಸ್ ಲೆಕ್ಕ. ಮದ್ರಾಸ್ ಕಾಲದ ಜಿಲ್ಲಾ ದಾಖಲೆಗಳು ಬೇಕಾದವರು ಚೆನ್ನೈಯ ಎಗ್ಮೋರಿನ ಪತ್ರಾಗಾರಕ್ಕೆ ಹೋಗಬಹುದು.

ಕ್ರೈಸ್ತ ಕುಟುಂಬದವರಿಗೆ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿವೆ. 1784ರಲ್ಲಿ ಟಿಪ್ಪು ಸುಲ್ತಾನ ಇಲ್ಲಿನ ಕ್ರೈಸ್ತರನ್ನು ಸೆರೆ ಹಿಡಿದ ಹೊತ್ತಿಗೆ ಚರ್ಚುಗಳು ನಾಶವಾದ್ದರಿಂದ ಅದಕ್ಕೂ ಹಿಂದಿನದ್ದು ಸಿಗುವುದು ಕಷ್ಟ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಆ ಸಭೆಗಳ ಕುಟುಂಬದವರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಕೇಳಿ ನೋಡಬಹುದು.

ನಿಮ್ಮ ಮನೆಯದ್ದು ಡಿಕ್ಲರೇಶನ್ ಜಾಗವಾದರೆ ಮೊದಲು ಪಹಣಿಯಿಂದ ಸರ್ವೆ ನಂಬರ್ ಬರೆದುಕೊಳ್ಳಿ. ತಾಲೂಕು ಕಚೇರಿಯಲ್ಲಿ ಇಡೀ ಕಡತದ ನಕಲಿಗೆ ಅರ್ಜಿ ಕೊಡಿ. ಸುಮ್ನೆ ಕೊನೆಯ ಆದೇಶದ ಹಾಳೆ ಮಾತ್ರ ತೆಗೆದುಕೊಂಡು ಬರಬೇಡಿ. ಸಾಕ್ಷಿಗಳ ಹೇಳಿಕೆ ಇರುವ ಹಾಳೆಗಳನ್ನು ಕೇಳಿ ಪಡೆಯಿರಿ. ಆ ಸಾಕ್ಷಿಗಳಲ್ಲಿ ಯಾರಾದರೂ ಇನ್ನೂ ಇದ್ದರೆ, ನಕಲು ಕೈಗೆ ಬರುವವರೆಗೂ ಕಾಯದೆ ಅವರ ಮನೆಗೆ ಹೋಗಿ ಬನ್ನಿ.

ನಮಸ್ಕಾರ.