ಬಿಳಿಗಿರಿ ಕಾಡಲ್ಲಿ ದುಡಿಯೋ ಕೈಗಳು

ಎಲ್ರಿಗೂ ನಮಸ್ಕಾರ. ಬಿಆರ್ ಹಿಲ್ಸ್‌ಗೆ ನಿಮ್ಮಲ್ಲಿ ತುಂಬಾ ಜನ ಹೋಗಿರ್ತೀರ, ರಂಗನಾಥನ ದರ್ಶನ ಮಾಡ್ಕೊಂಡು ಸಫಾರಿನೂ ಮುಗಿಸ್ಕೊಂಡು ಬಂದಿರ್ತೀರ. ಜೀಪಲ್ಲಿ ಕೂತು ನೋಡಿದ್ರೆ ಆ ಕಾಡು ತಾನಾಗೇ ಬೆಳ್ಕೊಂಡಿದೆ ಅನ್ಸುತ್ತೆ. ಹಾಗಲ್ಲ, ಅಲ್ಲಿ ತಲೆತಲಾಂತರದಿಂದ ಆ ಕಾಡಿನ ಆದಿವಾಸಿಗಳಾದ ಸೋಲಿಗರ ಕೈ ಆಡಿದೆ, ಇವತ್ತೂ ಆಡ್ತಿದೆ.

ಸೋಲಿಗರಿಗೆ ರಂಗಪ್ಪ ಬರೀ ದೇವ್ರಲ್ಲ, ಭಾವ. ಅವ್ರ ಹೆಣ್ಮಗಳು ಕುಸುಮಾಲೆನ ಮದ್ವೆ ಆದೋನು ಅಂತ ಕಥೆ, ಹಾಗಾಗಿ ನೆಂಟಸ್ತನ, ಸಲಿಗೆ ಎರಡೂ ಇದೆ. ಒಂದೊಂದು ಕುಲಕ್ಕೂ ಕಾಡಲ್ಲಿ ಅವ್ರದ್ದೇ ಯಲ್ಲೆ, ಅಂದ್ರೆ ಅವ್ರ ಗಡಿಯೊಳಗಿನ ಜಾಗ, ಅದ್ರೊಳಗೆ ದೇವ್ರು, ಮಾರಮ್ಮ, ವೀರು ಅನ್ನೋ ಶಕ್ತಿ, ಅಬ್ಬಿ ಅಂದ್ರೆ ನೀರಿನ ತಾಣ, ಹಿರೀಕರ ಸಮಾಧಿ ಇರೋ ಕಲ್ಲುಗುಡಿ. ನಮಗೆ ಕಾಣೋದು ಬರೀ ಮರಗಳು.

ಈಗ ಬೆಂಕಿ ವಿಷ್ಯ. ಸೋಲಿಗರು ಹಿಂದೆ ತರಗು ಬೆಂಕಿ ಹಾಕ್ತಿದ್ರು. ಬೇಸಿಗೆ ಬಲಿಯೋಕೆ ಮುಂಚೆ, ನೆಲದಲ್ಲಿ ಇನ್ನೂ ಸ್ವಲ್ಪ ಪಸೆ ಇರೋವಾಗ್ಲೇ, ಬಿದ್ದಿರೋ ಎಲೆ ಒಣಹುಲ್ಲು ಸುಡೋದು, ಬೆಂಕಿ ಮೊಣಕಾಲು ದಾಟ್ತಿರ್ಲಿಲ್ಲ, ದೊಡ್ಡ ಮರಕ್ಕೆ ಏನೂ ಆಗ್ತಿರ್ಲಿಲ್ಲ, ಮಳೆ ಬಿದ್ರೆ ಜಿಂಕೆ ಕಡವೆಗೆ ಎಳೇ ಹುಲ್ಲು. ನೆಲ್ಲಿ ಮರಕ್ಕೆ ಹತ್ತಿ ರಸ ಹೀರೋ ಬಂದಳಿಕೆನೂ ಆ ಬಿಸಿಗೆ ಹತೋಟಿಲಿ ಇರ್ತಿತ್ತು ಅಂತಾರೆ ಹಿರೀಕರು, ಅವರು ಅದನ್ನ ಉಪ್ಪಿಲು ಅಂತಾರೆ. 1974ರಲ್ಲಿ ವನ್ಯಜೀವಿಧಾಮ ಆಯ್ತು, ಬೆಂಕಿ ನಿಂತೋಯ್ತು, ಕಾಡೊಳಗೆ ಚದುರಿದ್ದ ಪೋಡುಗಳನ್ನ, ಅಂದ್ರೆ ಸೋಲಿಗರ ಹಾಡಿಗಳನ್ನ, ತಂದು ರಸ್ತೆ ಬದೀಲಿ ಕೂರಿಸಿದ್ರು. ಆಮೇಲೆ ಲಾಂಟಾನ ಅನ್ನೋ ಹೊರದೇಶದ ಮುಳ್ಳುಪೊದೆ ಹಬ್ಬಿದ್ದು ನೋಡಿ, 1997ರಲ್ಲಿ ಸಂಶೋಧಕರು ಅಳೆದಾಗ ಎಷ್ಟು ಕಡೆ ಇತ್ತೋ 2008ರ ಹೊತ್ತಿಗೆ ಅದ್ರ ಹತ್ತತ್ರ ಎರಡು ಪಟ್ಟು ಜಾಗದಲ್ಲಿ ಸಿಕ್ಕಿದೆ. ಆಳೆತ್ತರ ಬೆಳೆದು ಒಣಗಿದ ಲಾಂಟಾನಕ್ಕೆ ಕಿಡಿ ತಾಗಿದ್ರೆ ಮರದ ನೆತ್ತಿಗೇ ಹತ್ಕೊಳ್ಳುತ್ತೆ, ಅದು ಬೇರೆ ಥರದ ಬೆಂಕಿ.

ಆ ಬೆಂಕಿ ಆರ್ಸೋಕೆ ಹೋಗೋರು ಯಾರು? ಅದೇ ಪೋಡಿನ ಹುಡುಗರು. ಚಳಿಗಾಲದಲ್ಲಿ ರಸ್ತೆ ಬದಿ ಪೊದೆ ಸವರಿ ಒಣಗಿಸಿ ಫೈರ್‌ಲೈನ್ ಸುಡ್ತಾರೆ, ಅಂದ್ರೆ ಬೆಂಕಿ ದಾಟಬಾರ್ದು ಅಂತ ಮಾಡೋ ಖಾಲಿ ಪಟ್ಟಿ, ಆಮೇಲೆ ಬೇಸಿಗೆ ಪೂರ್ತಿ ಎಲ್ಲಾದ್ರೂ ಹೊಗೆ ಕಂಡ್ರೆ ಹಸಿ ಸೊಪ್ಪಿನ ಕೊಂಬೆ ಮುರ್ಕೊಂಡು ಓಡ್ತಾರೆ, ಗಾಳಿ ಎತ್ತ ಬೀಸ್ತಿದೆ ನೋಡ್ಕೊಂಡು ಬೆಂಕಿ ಅಂಚನ್ನ ಬಡೀತಾ ಹೋಗ್ಬೇಕು, ಕಾಲಡಿ ಬಿಸಿ, ಕಣ್ಣಲ್ಲಿ ಹೊಗೆ, ಲಾಂಟಾನ ಮುಳ್ಳಿಗೆ ಕೈಯೆಲ್ಲ ಗೀರು. ರಾತ್ರಿ ಕ್ಯಾಂಪಲ್ಲಿ ಕಾವಲು. ಇವ್ರಲ್ಲಿ ತುಂಬಾ ಜನ ಅರಣ್ಯ ಇಲಾಖೆಯ ಟೆಂಪರರಿ ವಾಚರ್‌ಗಳು, ಇದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷ್ಯ. ಹೆಜ್ಜೆ ಗುರುತು ನೋಡಿ ಹುಲಿ ಯಾವಾಗ ಹೋಯ್ತು ಅಂತ ಹೇಳೋ ಕಣ್ಣಿಗೆ ನಾವು ದಿನಗೂಲಿ ಲೆಕ್ಕ ಹಾಕ್ತೀವಿ.

ಈಗ್ಲೇ ಹೋಗಿ ಕಾಡಿಗೆ ಬೆಂಕಿ ಹಾಕಿ ಅಂತ ನಾನು ಹೇಳ್ತಿಲ್ಲ. ಇಷ್ಟು ಲಾಂಟಾನ ಇಟ್ಕೊಂಡು ತರಗು ಬೆಂಕಿ ಹಾಕಿದ್ರೆ ಅನಾಹುತ ಆಗುತ್ತೆ, ಸೋಲಿಗರೇ ಅದನ್ನ ಹೇಳ್ತಾರೆ. ಮೊದ್ಲು ಬೇರು ಸಮೇತ ಕೀಳ್ಬೇಕು, ಆಮೇಲೆ ಸಣ್ಣ ತುಂಡು ಜಾಗದಲ್ಲಿ, ಅವ್ರು ಹೇಳಿದ ಹೊತ್ತಲ್ಲಿ, ಇಲಾಖೆಯವ್ರು ಜೊತೆಗಿದ್ದು ಮಾಡಿ ನೋಡ್ಬೇಕು.

ಇದಕ್ಕೆ ಕಾನೂನಿನ ದಾರಿನೂ ಇದೆ. 2011ರ ಶುರುವಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶ ಆಯ್ತು, ಅದೇ ವರ್ಷ ಅಕ್ಟೋಬರ್‌ನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ 25 ಪೋಡುಗಳಿಗೆ ಸಮುದಾಯ ಹಕ್ಕು ಸಿಕ್ತು. ಜೇನು, ನೆಲ್ಲಿಕಾಯಿ ತಗೊಳ್ಳೋದು ಒಂದು ಕಡೆ, ಕಾಡು ಕಾಯೋ ಅಧಿಕಾರನೂ ಗ್ರಾಮಸಭೆಗೆ ಆ ಕಾಯ್ದೆ ಕೊಟ್ಟಿದೆ. ಹಾಗಿದ್ಮೇಲೆ ಫೈರ್‌ಲೈನ್ ಎಲ್ಲಿ, ಲಾಂಟಾನ ಮೊದ್ಲು ಎಲ್ಲಿ ಕೀಳ್ಬೇಕು ಅನ್ನೋ ಮೀಟಿಂಗ್ ಪೋಡಲ್ಲೇ, ಕನ್ನಡದಲ್ಲೇ ನಡೀಲಿ, ವಾಚರ್‌ಗಳೂ ಜೇನು ಕೀಳೋರೂ ಅಲ್ಲಿ ಕೂತು ಮಾತಾಡ್ಲಿ.

ನನ್ನ ಮಾತು ಇಷ್ಟು, ಪ್ರಶ್ನೆ ಇದ್ರೆ ಕೇಳಿ.